ರಾತ್ರಿ ಫೋನಿನಲ್ಲಿ ಆರ್ಡರ್, ಬೆಳಗ್ಗೆ ರೌಂಡ್ಸ್‌ನಲ್ಲಿ ಬೈಗುಳ

ಪ್ರಶ್ನೆ: ನಾನು ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್. ಸುಮಾರು 50 ಹಾಸಿಗೆಯ ಆಸ್ಪತ್ರೆ. ದೊಡ್ಡ ಡಾಕ್ಟರುಗಳಲ್ಲಿ ಹೆಚ್ಚಿನವರು ಮೈಸೂರಿನಿಂದ ಬಂದು ಹೋಗುವವರು. ರಾತ್ರಿ ಏನಿದ್ದರೂ ಫೋನಿನಲ್ಲೇ ಆರ್ಡರ್. ಹೋದ ತಿಂಗಳು ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಶುಗರ್ ಜಾಸ್ತಿಯಾದ ಪೇಷೆಂಟ್ ಬಗ್ಗೆ ನಮ್ಮ ಹೊಸ ಸ್ಟಾಫ್ ಹುಡುಗಿ ಸರ್‌ಗೆ ಫೋನ್ ಮಾಡಿದಳು. ಅವರು ಇನ್ಸುಲಿನ್ ‘ಫಿಫ್ಟೀನ್’ ಅಂದಿದ್ದಾರೆ, ಇವಳಿಗೆ ‘ಫಿಫ್ಟಿ’ ಅಂತ ಕೇಳಿಸಿದೆ. ಅನುಮಾನ ಬಂದು ಮತ್ತೆ ಕೇಳಿದ್ದಕ್ಕೆ ‘ಒಂದು ಸಲ ಹೇಳಿದ್ರೆ ಅರ್ಥ ಆಗಲ್ವಾ?’ ಎಂದು ಫೋನ್ ಇಟ್ಟಿದ್ದಾರೆ. ಅವಳು ಹೆದರಿ ನನ್ನ ಮನೆಗೆ ಫೋನ್ ಮಾಡಿದಳು. ನಾನೂ ನಿದ್ದೆಗಣ್ಣಲ್ಲಿ ‘ಸರ್‌ನ ಯಾಕೆ ಪದೇ ಪದೇ ಕೇಳೋಕೆ ಹೋದೆ’ ಅಂದುಬಿಟ್ಟೆ. ಆಮೇಲೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಲು ಹೇಳಿದೆ. ಅವರು ಸರ್ ಹತ್ತಿರ ಮಾತಾಡಿ 15 ಎಂದು ಖಚಿತ ಮಾಡಿಕೊಂಡರು. ಪೇಷೆಂಟ್‌ಗೆ ಏನೂ ಆಗಲಿಲ್ಲ. ಬೆಳಗ್ಗೆ ರೌಂಡ್ಸ್‌ನಲ್ಲಿ ಸರ್ ಪೇಷೆಂಟ್ ಕಡೆಯವರ ಮುಂದೆಯೇ ಅವಳಿಗೆ ಬೈದರು. ಮ್ಯಾನೇಜ್‌ಮೆಂಟ್‌ಗೆ ಹೇಳಿದರೆ ‘ಒಳ್ಳೆ ಡಾಕ್ಟರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರು. ಹುಡುಗಿ ಈಗ ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾಳೆ. ಇನ್ಸಿಡೆಂಟ್ ರಿಪೋರ್ಟ್ ಬರೆದರೆ ಅವಳ ರಿಜಿಸ್ಟ್ರೇಷನ್‌ಗೆ ತೊಂದರೆ ಎಂದು ಕೆಲವರು ಹೆದರಿಸುತ್ತಾರೆ. ಡಾಕ್ಟರ್ ಹೇಳಿದ್ದನ್ನು ಕೊಟ್ಟರೆ ನಮ್ಮ ತಪ್ಪೇನಿದೆ, ಸುಮ್ನೆ ಯಾಕೆ ಕೇಳಬೇಕು ಎಂದು ಇನ್ನು ಕೆಲವರು. ನಾನು ಏನು ಮಾಡಲಿ?

ಉತ್ತರ: ಆ ರಾತ್ರಿ ನಿಮ್ಮ ವಾರ್ಡಿನಲ್ಲಿ ಸರಿಯಾಗಿ ಕೆಲಸ ಮಾಡಿದವಳು ಆ ಹುಡುಗಿ. ಅನುಮಾನ ಬಂತು, ಕೇಳಿದಳು. ಉತ್ತರ ಸಿಗಲಿಲ್ಲ, ಇಂಜೆಕ್ಷನ್ ಕೊಡದೆ ನಿಲ್ಲಿಸಿದಳು, ಇನ್ನೊಬ್ಬರನ್ನು ಕೇಳಿದಳು. ಎಷ್ಟೋ ವರ್ಷದ ಅನುಭವ ಇರುವ ಸ್ಟಾಫ್ ಕೂಡ ಇದಕ್ಕಿಂತ ಜಾಸ್ತಿ ಏನೂ ಮಾಡಬೇಕಾಗಿರಲಿಲ್ಲ. ಇದನ್ನು ಅವಳಿಗೆ ಇಲ್ಲಿಯವರೆಗೆ ಯಾರಾದರೂ ಹೇಳಿದ್ದಾರಾ? ನಿಮ್ಮ ಪತ್ರ ನೋಡಿದರೆ ಇಲ್ಲ ಅನಿಸುತ್ತದೆ. ಸರ್ ಬೈದರು, ಮ್ಯಾನೇಜ್‌ಮೆಂಟ್ ಅಡ್ಜಸ್ಟ್ ಮಾಡಿಕೊಳ್ಳಿ ಅಂದಿತು, ನಿದ್ದೆಗಣ್ಣಲ್ಲಿ ನೀವೂ ಒಂದು ಮಾತು ಅಂದಿರಿ. ಬರೀ ಡಾಕ್ಟರ್ ಬೈಗುಳಕ್ಕೇ ಅವಳು ಕೆಲಸ ಬಿಡಲು ಹೊರಟಿದ್ದಾಳೆ ಎಂದು ನನಗೆ ಅನಿಸುವುದಿಲ್ಲ. ‘ನೀನು ಮಾಡಿದ್ದು ಸರಿ’ ಎಂದು ಇವತ್ತೇ, ಉಳಿದ ಸ್ಟಾಫ್ ಕೇಳುವ ಹಾಗೆ ಹೇಳಿ. ಅದಕ್ಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ಫೋನ್ ಆರ್ಡರ್ ತೆಗೆದುಕೊಳ್ಳುವ ಕ್ರಮ ಒಂದು. ಎಲ್ಲರ ಮುಂದೆ ಬೈಯುವ ಅಭ್ಯಾಸ ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದು ಮ್ಯಾನೇಜ್‌ಮೆಂಟ್ ಮುಂದೆ ಹೋದರೆ ಬೈದದ್ದೇ ಮಾತಾಗುತ್ತದೆ. ಸರ್ ಸ್ವಭಾವ, ಹುಡುಗಿ ಸ್ವಭಾವ, ಯಾರು ಏನಂದರು, ಇಷ್ಟರಲ್ಲೇ ಅರ್ಧ ಗಂಟೆ ಮುಗಿದು ಫೋನ್ ಆರ್ಡರ್ ಇದ್ದ ಹಾಗೆಯೇ ಉಳಿಯುತ್ತದೆ. ಹಾಗಾಗಿ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಅದಕ್ಕೂ ಮೊದಲು ನಿಮ್ಮ ಕಿವಿಗೆ ಬಿದ್ದ ಮಾತುಗಳನ್ನು ನೋಡೋಣ. ರಿಪೋರ್ಟ್ ಬರೆದರೆ ರಿಜಿಸ್ಟ್ರೇಷನ್ ಹೋಗುತ್ತದೆ ಎನ್ನುವುದು ಸುಳ್ಳು ಹೆದರಿಕೆ. ಇನ್ಸಿಡೆಂಟ್ ರಿಪೋರ್ಟ್ ಆಸ್ಪತ್ರೆಯ ಒಳಗಿನ ಕಾಗದ. ಅದು ತಾನಾಗಿ ರಿಜಿಸ್ಟ್ರೇಷನ್ ಕೊಡುವ ನರ್ಸಿಂಗ್ ಕೌನ್ಸಿಲ್‌ಗೆ ಹೋಗುವುದಿಲ್ಲ. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಬೇಕೆನ್ನುವ ಆಸ್ಪತ್ರೆ ಇಂಥ ರಿಪೋರ್ಟ್ ಬರೆಯುವ ವ್ಯವಸ್ಥೆ ಇಟ್ಟುಕೊಂಡಿರಲೇಬೇಕು. ಅದೂ ಅಲ್ಲದೆ, ನಿಮ್ಮಲ್ಲಿ ಆಗಿದ್ದು ಪೇಷೆಂಟ್‌ಗೆ ತಲುಪುವ ಮೊದಲೇ ಸಿಕ್ಕಿಬಿದ್ದ ತಪ್ಪು. ಅದಕ್ಕೆ ನಿಯರ್ ಮಿಸ್ ಅನ್ನುತ್ತೇವೆ. ನಷ್ಟವಿಲ್ಲದೆ ಕಲಿಯಲು ಸಿಗುವುದು ಅದೊಂದೇ.

‘ಡಾಕ್ಟರ್ ಹೇಳಿದ್ದನ್ನು ಕೊಟ್ಟರೆ ನಮ್ಮ ತಪ್ಪೇನಿದೆ’ ಎನ್ನುವುದು ಇದಕ್ಕಿಂತ ಅಪಾಯದ ಮಾತು. ಮೊದಲನೆಯದಾಗಿ, ಡಾಕ್ಟರ್ 50 ಎಂದು ಹೇಳಿರಲೇ ಇಲ್ಲ. ಹೇಳಿದ್ದು ಒಂದು, ಕೇಳಿಸಿದ್ದು ಒಂದು. ಎರಡನೆಯದಾಗಿ, ಔಷಧ ಕೈಯಾರೆ ಕೊಡುವವರಿಗೆ ಅವರದೇ ಹೊಣೆ ಇದೆ. ಗ್ರಾಹಕರ ಆಯೋಗಕ್ಕೆ ಹೋದರೆ ಸಾಮಾನ್ಯವಾಗಿ ಆಸ್ಪತ್ರೆಯೇ ತನ್ನ ಸಿಬ್ಬಂದಿ ಪರವಾಗಿ ಉತ್ತರ ಕೊಡಬೇಕಾಗುತ್ತದೆ, ಅದು ನಿಜ. ಕ್ರಿಮಿನಲ್ ಕಾನೂನು ಹಾಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ, ಅಜಾಗರೂಕತೆಯಿಂದ ಸಾವಾದರೆ 5 ವರ್ಷದವರೆಗೆ ಶಿಕ್ಷೆ ಆಗಬಹುದು. ಚಿಕಿತ್ಸೆ ಕೊಡುವಾಗ ಆಗಿದ್ದಾದರೆ ನೋಂದಾಯಿತ ವೈದ್ಯರಿಗೆ ಮಾತ್ರ ಅದು 2 ವರ್ಷದವರೆಗೆ. ಆ ರಿಯಾಯಿತಿಯಲ್ಲಿ ನರ್ಸುಗಳ ಹೆಸರಿಲ್ಲ. ಹೆದರಿಸಲು ಹೇಳುತ್ತಿಲ್ಲ. ಸಣ್ಣಪುಟ್ಟ ತಪ್ಪಿಗೆಲ್ಲ ಕ್ರಿಮಿನಲ್ ಕೇಸ್ ನಿಲ್ಲುವುದಿಲ್ಲ. ಆದರೆ ಡಾಕ್ಟರ್ ಬೆನ್ನ ಹಿಂದೆ ನಿಂತರೆ ಸೇಫ್ ಎಂದು ನಿಮ್ಮ ಸೀನಿಯರ್‌ಗಳು ಹೊಸಬರಿಗೆ ಹೇಳಿಕೊಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ.

ರಿಪೋರ್ಟ್ ಜಾಸ್ತಿ ಬಂದರೆ ವಾರ್ಡ್ ಕೆಟ್ಟದ್ದು ಎಂಬ ನಂಬಿಕೆಯೂ ಇದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ಮುಖಂಡರಿದ್ದು ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು, ಅಂಥ ತಂಡಗಳಲ್ಲೇ ಜಾಸ್ತಿ. ಕೆದಕಿ ನೋಡಿದಾಗ ತಿಳಿದದ್ದು, ಆ ವಾರ್ಡುಗಳಲ್ಲಿ ಜನ ತಪ್ಪನ್ನು ಬಾಯಿ ಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ‘ನಮ್ಮಲ್ಲಿ ಇಡೀ ವರ್ಷ ಒಂದೂ ಇನ್ಸಿಡೆಂಟ್ ಇಲ್ಲ ಸರ್’ ಎಂದು ಹೆಮ್ಮೆಯಿಂದ ಹೇಳುವ ಆಸ್ಪತ್ರೆಗೆ ಹೋದರೆ ನನಗೆ ಸ್ವಲ್ಪ ಭಯವೇ ಆಗುತ್ತದೆ.

ಈಗ ಫೋನ್ ಆರ್ಡರ್. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಕೇಳಲು ಒಂದೇ ಥರ ಇರುವುದರಿಂದ ಆಗುವ ಗೊಂದಲ ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲೂ ಗೊತ್ತಿರುವ ವಿಷಯ. ‘ಸಿಕ್ಸ್‌ಟೀನ್’, ‘ಸಿಕ್ಸ್‌ಟಿ’ಯೂ ಹಾಗೆಯೇ. ಅದರ ಮೇಲೆ ರಾತ್ರಿ ಎರಡು ಗಂಟೆ, ನಿದ್ದೆಯಲ್ಲಿರುವ ಡಾಕ್ಟರ್, ಸಿಗ್ನಲ್ ಬಿಟ್ಟು ಬಿಟ್ಟು ಬರುವ ಫೋನ್, ಪಕ್ಕದಲ್ಲಿ ಮಾನಿಟರ್ ಕೂಗು. ಹೊಸ ಹುಡುಗಿ ಬೇರೆ. ಇಲ್ಲಿ ಯಾರ ಕಿವಿಯೂ ಕೆಟ್ಟಿಲ್ಲ, ಯಾರ ಬುದ್ಧಿಯೂ ಕೆಟ್ಟಿಲ್ಲ.

ಡಾಕ್ಟರ್ ಕಡೆಯನ್ನೂ ಒಂದು ನಿಮಿಷ ನೋಡಿ. ನಾನು ಕೆಲಸ ಮಾಡಿದ ಕಡೆಯೆಲ್ಲ ಕನ್ಸಲ್ಟೆಂಟ್‌ಗಳ ದೂರು ಒಂದೇ: ‘ಫೋನ್ ಮಾಡ್ತಾರೆ, ಆದ್ರೆ ಏನೂ ಗೊತ್ತಿರಲ್ಲ.’ ಅದರಲ್ಲಿ ಹುರುಳಿದೆ. ನಮ್ಮ ಕರೆ ಎಷ್ಟೋ ಸಲ ಹೀಗಿರುತ್ತದೆ: ‘ಸರ್, ನಿಮ್ಮ ಪೇಷೆಂಟ್‌ಗೆ ಶುಗರ್ ಜಾಸ್ತಿ ಇದೆ, ಏನ್ ಮಾಡ್ಲಿ?’ ಯಾವ ಪೇಷೆಂಟ್, ಎಷ್ಟು ಶುಗರ್, ಊಟ ಮಾಡಿದ್ದಾರಾ, ಸಂಜೆ ಏನು ಕೊಟ್ಟಿದೆ, ಎಲ್ಲವನ್ನೂ ಅವರೇ ಒಂದೊಂದಾಗಿ ಕೇಳಬೇಕು. ಕೇಸ್ ಶೀಟ್ ತರಲು ಸಿಸ್ಟರ್ ಓಡುತ್ತಾರೆ, ಫೋನ್ ಕಾಯುತ್ತಿರುತ್ತದೆ. ದಿನವಿಡೀ ಮೈಸೂರು, ಮಂಡ್ಯ ಅಂತ ಓಡಾಡಿ ಮಲಗಿದವರು ಅಷ್ಟರಲ್ಲಿ ರೇಗಿರುತ್ತಾರೆ. ಮತ್ತೆ ‘ಎಷ್ಟು ಸರ್?’ ಎಂದರೆ ಸಿಡಿಯುತ್ತಾರೆ. ಸಿಡಿದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕಾರಣ ಇದು, ಇದನ್ನು ನಾವು ಕಡಿಮೆ ಮಾಡಬಹುದು, ಅಷ್ಟೇ.

ಮಾಡುವುದು ಹೇಗೆ? ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಮೇಲೆ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಕ್ರಮ ನಿಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿರಬಹುದು. ಪರೀಕ್ಷೆಗೆ ಬರೆದು ಮರೆತೂ ಇರಬಹುದು. ಈಗೇನಾಗಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತದೆ, ಏನು ಬೇಕು, ಈ ನಾಲ್ಕೇ. ಬಾಯಲ್ಲಿ ಅದು ಹೀಗೆ ಬರಬೇಕು (ಜಿಆರ್‌ಬಿಎಸ್ ಅಂದರೆ ಬೆರಳು ಚುಚ್ಚಿ ನೋಡುವ ಶುಗರ್):

‘ಸರ್, ಮೇಲ್ ವಾರ್ಡಿಂದ ಸ್ಟಾಫ್ ಮಾತಾಡ್ತಿದೀನಿ. ಬೆಡ್ 7, ನಿನ್ನೆ ಕಾಲಿನ ಗಾಯ ಕ್ಲೀನ್ ಮಾಡಿದ ಶುಗರ್ ಪೇಷೆಂಟ್. ಈಗ ಜಿಆರ್‌ಬಿಎಸ್ 342. ರಾತ್ರಿ ಊಟ ಮಾಡಿದ್ದಾರೆ, ಎಚ್ಚರ ಇದ್ದಾರೆ, ಬಿಪಿ, ಪಲ್ಸ್ ಸರಿ ಇದೆ. 8 ಗಂಟೆ ಇನ್ಸುಲಿನ್ ಕೊಟ್ಟಾಗಿದೆ. ಈಗ ಮತ್ತೆ ಕೊಡಬೇಕಾ, ಎಷ್ಟು? ಬರ್ಕೊಳ್ತೀನಿ ಸರ್.’

ಅರ್ಧ ನಿಮಿಷ. ಕೇಸ್ ಶೀಟ್, ಡ್ರಗ್ ಚಾರ್ಟ್ ಕೈಯಲ್ಲಿ ಹಿಡಿದುಕೊಂಡೇ ಡಯಲ್ ಮಾಡಬೇಕು. ಡಾಕ್ಟರ್ ಹೇಳಿದ್ದನ್ನು ಮೊದಲು ಬರೆದು, ಬರೆದದ್ದನ್ನು ನೋಡಿ ವಾಪಸ್ ಓದಬೇಕು. ಅಂಕಿಯನ್ನು ಬಿಡಿಸಿ ಓದಬೇಕು: ‘ಬೆಡ್ 7, ರೆಗ್ಯುಲರ್ ಇನ್ಸುಲಿನ್, ಒನ್ ಫೈವ್, ಹದಿನೈದು ಯೂನಿಟ್, ಚರ್ಮದಡಿಗೆ. ಸರಿನಾ ಸರ್?’ ಕನ್ನಡದಲ್ಲಿ ಹದಿನೈದಕ್ಕೂ ಐವತ್ತಕ್ಕೂ ಗೊಂದಲವೇ ಆಗುವುದಿಲ್ಲ, ಅಲ್ವಾ? ನಮ್ಮ ಕಡೆ ಆ ಅನುಕೂಲ ಇದೆ, ಬಳಸಿಕೊಳ್ಳಿ. ಕೇರಳದಿಂದ ಬಂದ ಸ್ಟಾಫ್ ಇದ್ದರೆ ‘ಒನ್ ಫೈವ್’ ಸಾಕು.

ಇಲ್ಲಿ ಮುಖ್ಯವಾದದ್ದು ಒಂದಿದೆ. ನಿಮ್ಮ ಹುಡುಗಿ ಅನುಮಾನ ಬಂದಿದ್ದಕ್ಕೆ ಕೇಳಿದಳು. ಅನುಮಾನ ಬಂದಾಗ ಮಾತ್ರ ಕೇಳುವುದಾದರೆ ಕೇಳಲು ಧೈರ್ಯ ಬೇಕು, ಕೇಳಿಸಿಕೊಂಡವರಿಗೂ ‘ನನ್ನನ್ನು ಪ್ರಶ್ನೆ ಮಾಡುತ್ತಿದ್ದಾಳೆ’ ಅನಿಸುತ್ತದೆ. ಪ್ರತಿ ಫೋನ್ ಆರ್ಡರನ್ನೂ, ಪ್ಯಾರಾಸಿಟಮಾಲ್ ಆದರೂ, ವಾಪಸ್ ಓದುವ ನಿಯಮ ಇದ್ದರೆ ಅದು ಪ್ರಶ್ನೆ ಅಲ್ಲ, ಪದ್ಧತಿ. ಬ್ಯಾಂಕ್ ಕ್ಯಾಶಿಯರ್ ನಿಮ್ಮ ಮುಂದೆಯೇ ಇನ್ನೊಂದು ಸಲ ನೋಟು ಎಣಿಸಿದರೆ ನೀವು ಬೇಜಾರು ಮಾಡಿಕೊಳ್ಳುವುದಿಲ್ಲವಲ್ಲ, ಹಾಗೆ. ಧೈರ್ಯವಂತ ನರ್ಸುಗಳನ್ನು ತಯಾರು ಮಾಡುವುದು ಕಷ್ಟದ ಕೆಲಸ. ಧೈರ್ಯ ಬೇಕಾಗದ ಹಾಗೆ ಕೆಲಸವನ್ನು ಜೋಡಿಸುವುದು ಅಷ್ಟು ಕಷ್ಟವಲ್ಲ. ಇನ್‌ಚಾರ್ಜ್ ಆಗಿ ನಿಮ್ಮ ಕೈಲಿ ಇರುವುದು ಅದು.

ಇನ್ಸುಲಿನ್ ಬಗ್ಗೆಯೇ ಇನ್ನೆರಡು ಮಾತು. ನಮ್ಮಲ್ಲಿ ವಯಲ್‌ಗಳು 40ರದ್ದೂ ಬರುತ್ತವೆ, 100ರದ್ದೂ ಬರುತ್ತವೆ, ಅಂದರೆ ಒಂದು ಎಂಎಲ್‌ನಲ್ಲಿ ಅಷ್ಟು ಯೂನಿಟ್. 40ಕ್ಕೆ ಕೆಂಪು ಕ್ಯಾಪ್ ಸಿರಿಂಜ್, 100ಕ್ಕೆ ಕಿತ್ತಳೆ ಕ್ಯಾಪ್. 100ರ ವಯಲ್‌ನಿಂದ ಕೆಂಪು ಕ್ಯಾಪ್ ಸಿರಿಂಜ್‌ನಲ್ಲಿ 15ರ ಗೆರೆಗೆ ಎಳೆದರೆ ಒಳಗೆ ಹೋಗುವುದು 37 ಯೂನಿಟ್‌ಗೂ ಜಾಸ್ತಿ. ಅಂದರೆ ಆರ್ಡರ್ ಸರಿಯಾಗಿ ಕೇಳಿಸಿದರೂ ತಪ್ಪಾಗಬಹುದು. ನಿಮ್ಮ ಫ್ರಿಜ್ ತೆರೆದು ನೋಡಿ. ಎರಡೂ ಒಂದೇ ಟ್ರೇನಲ್ಲಿ ಇದ್ದರೆ ಇವತ್ತೇ ಬೇರೆ ಮಾಡಿ. ಕೆಂಪು ಕ್ಯಾಪ್ ಸಿರಿಂಜ್‌ನಲ್ಲಿ ಒಂದು ಸಲಕ್ಕೆ ಹಿಡಿಯುವುದೇ 40 ಯೂನಿಟ್. ಹಾಗಾಗಿ ಹೊಸಬರಿಗೆ ಒಂದು ಸುಲಭದ ಮಾತು ಹೇಳಿಕೊಡಿ: ಎರಡನೇ ಸಲ ಸಿರಿಂಜ್ ತುಂಬಬೇಕು ಅನಿಸಿದ ಕ್ಷಣ ಕೈ ನಿಲ್ಲಬೇಕು, ಯಾರನ್ನಾದರೂ ಕರೆಯಬೇಕು. ಬರೆಯುವಾಗ ‘ಯೂನಿಟ್’ ಎಂದು ಪೂರ್ತಿ ಬರೆಯಲಿ. ಇಂಗ್ಲಿಷಿನ ‘ಯು’ ಅಕ್ಷರ ಒಂದನ್ನೇ ಬರೆದರೆ ಅದು ಸೊನ್ನೆಯ ಹಾಗೆ ಕಂಡು 15 ಹೋಗಿ 150 ಆದ ಉದಾಹರಣೆಗಳಿವೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಮಾರ್ಫಿನ್ ಥರದ, ಡೋಸ್ ತಪ್ಪಿದರೆ ಅಪಾಯವಾಗುವ ಔಷಧಗಳು ಇಬ್ಬರು ಬೇರೆ ಬೇರೆಯಾಗಿ ನೋಡದೆ ಪೇಷೆಂಟ್ ಹತ್ತಿರ ಹೋಗಬಾರದು. ರಾತ್ರಿ ಡ್ಯೂಟಿ ಡಾಕ್ಟರ್ ಇರುವ ಆಸ್ಪತ್ರೆಯಲ್ಲಿ ಇವುಗಳ ಫೋನ್ ಆರ್ಡರ್ ಸ್ಟಾಫ್‌ಗೆ ಬರುವುದೇ ಬೇಡ. ಕನ್ಸಲ್ಟೆಂಟ್ ಡ್ಯೂಟಿ ಡಾಕ್ಟರ್‌ಗೆ ಹೇಳಲಿ, ಅವರು ಬರೆದು ಸೈನ್ ಹಾಕಲಿ.

ವಾಟ್ಸಾಪ್‌ನಲ್ಲಿ ಹಾಕಿಸಿಕೊಂಡರೆ ಆಗಲ್ವಾ ಎಂದು ನೀವು ಕೇಳಬಹುದು. ಅಂಕಿ ಕಣ್ಣಿಗೆ ಕಾಣುತ್ತದೆ, ಅದು ಲಾಭ. ಆದರೆ ಗ್ರೂಪಿನಲ್ಲಿ ಯಾವ ಪೇಷೆಂಟ್‌ಗೆ ಯಾವ ಉತ್ತರ ಎಂದು ಅದಲುಬದಲಾಗುವುದನ್ನು ನೋಡಿದ್ದೇನೆ. ಪೇಷೆಂಟ್ ವಿವರ ಎಲ್ಲರ ಮೊಬೈಲ್‌ನಲ್ಲಿ ಉಳಿಯುತ್ತದೆ ಬೇರೆ. ಮೆಸೇಜ್ ಬಂದರೂ ಕೇಸ್ ಶೀಟ್‌ಗೆ ಏರಿಸಿ, ಮಾರನೇ ದಿನ ರೌಂಡ್ಸ್‌ನಲ್ಲೇ ಸೈನ್ ಮಾಡಿಸಿ.

ವಾಪಸ್ ಓದಿದರೂ ‘ಹೇಳಿದಷ್ಟು ಮಾಡಿ’ ಎಂದು ಫೋನ್ ಇಟ್ಟರೆ? ಆಗ ಏನು ಎಂಬುದನ್ನು ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿರಬೇಕು. ಎರಡು ಸಲ ಕೇಳುವುದು, ಆಗದಿದ್ದರೆ ಡ್ಯೂಟಿ ಡಾಕ್ಟರ್, ಅವರೂ ಸಿಗದಿದ್ದರೆ ಇನ್‌ಚಾರ್ಜ್. ಅಲ್ಲಿಯವರೆಗೆ ಅನುಮಾನದ ಡೋಸ್ ಕೊಡುವಂತಿಲ್ಲ. ಇನ್‌ಚಾರ್ಜ್‌ಗೆ ಫೋನ್ ಬಂದಾಗ ಮೊದಲ ಮಾತು ‘ಕೇಳಿದ್ದು ಒಳ್ಳೇದಾಯ್ತು’ ಎಂದಿರಲಿ. ಉಳಿದದ್ದೆಲ್ಲ ಆಮೇಲೆ.

ಸುಮ್ಮನಿರುವುದರ ಬೆಲೆ ಎಷ್ಟು ಎಂದು ತೋರಿಸಲು ತರಬೇತಿಗಳಲ್ಲಿ ನಾನು ಒಂದು ಘಟನೆ ಹೇಳುತ್ತೇನೆ. 2005ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರೊಮಿಲಿ ಎಂಬ 37 ವರ್ಷದ ತಾಯಿ ಸೈನಸ್‌ಗೆ ಸಂಬಂಧಿಸಿದ ಮಾಮೂಲಿ ಆಪರೇಷನ್‌ಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಾಟದ ದಾರಿ ಸಿಗಲಿಲ್ಲ. ಅಲ್ಲಿದ್ದ ಡಾಕ್ಟರುಗಳೆಲ್ಲ ಅನುಭವಿಗಳೇ. ಆದರೆ ಗಂಟಲೊಳಗೆ ಟ್ಯೂಬ್ ಹಾಕುವ ಪ್ರಯತ್ನದಲ್ಲೇ ಮುಳುಗಿ ಹೋದರು, ಸಮಯ ಎಷ್ಟಾಯಿತು ಎಂಬ ಲೆಕ್ಕ ತಪ್ಪಿತು. ಒಬ್ಬ ನರ್ಸ್ ಟ್ರೆಕಿಯಾಸ್ಟಮಿ ಸೆಟ್ (ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಟಕ್ಕೆ ದಾರಿ ಮಾಡುವ ಸಾಮಾನು) ತಂದು ‘ಸಿದ್ಧ ಇದೆ’ ಎಂದರು. ಯಾರೂ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರು ಐಸಿಯುನಲ್ಲಿ ಬೆಡ್ ಕಾದಿರಿಸಿ ಬಂದು ಹೇಳಿದರು. ಡಾಕ್ಟರುಗಳ ಮುಖ ನೋಡಿ, ತಾನೇ ಅತಿಯಾಗಿ ಆಡಿದೆನೇನೋ ಎಂದುಕೊಂಡು ಬೆಡ್ ಕ್ಯಾನ್ಸಲ್ ಮಾಡಿದರು. ಎಲೇನ್ 13 ದಿನಗಳ ನಂತರ ತೀರಿಕೊಂಡರು. ಅಲ್ಲಿ ನರ್ಸುಗಳಿಗೆ ಅಪಾಯ ಗೊತ್ತಾಗಿತ್ತು. ಗೊತ್ತಾದದ್ದನ್ನು ಡಾಕ್ಟರುಗಳನ್ನು ತಡೆದು ಹೇಳುವ ದಾರಿ ಇರಲಿಲ್ಲ. ಎಲೇನ್ ಅವರ ಗಂಡ ಮಾರ್ಟಿನ್ ವಿಮಾನದ ಪೈಲಟ್. ಯಾರಿಗೂ ಶಿಕ್ಷೆ ಕೊಡಿಸಲು ಅವರು ಹೊರಡಲಿಲ್ಲ. ಕಾಕ್‌ಪಿಟ್‌ನಲ್ಲಿ ಕಿರಿಯರು ಹಿರಿಯರನ್ನು ತಡೆದು ಮಾತಾಡಲು ಕಲಿಸುವ ಹಾಗೆ ಆಸ್ಪತ್ರೆಯಲ್ಲಿ ಯಾಕೆ ಕಲಿಸುವುದಿಲ್ಲ ಎಂದು ಕೇಳಿದರು, 2007ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ನಿಮ್ಮ ಮ್ಯಾನೇಜ್‌ಮೆಂಟ್‌ಗೆ ‘ಅಡ್ಜಸ್ಟ್’ ಎಂಬ ಮಾತಿನ ಅಪಾಯ ತಿಳಿಸಬೇಕಾದರೆ ಇದನ್ನೇ ಹೇಳಿ.

ಇನ್ನು ಬೈಗುಳದ ವಿಷಯ. ನಿಮ್ಮ ಮುಂದೆ ಮೂರ್ನಾಲ್ಕು ದಾರಿ ಇವೆ, ಯಾವುದೂ ಪುಕ್ಕಟೆ ಅಲ್ಲ.

ನೇರವಾಗಿ ಡಾಕ್ಟರ್ ಹತ್ತಿರ ಮಾತಾಡುವುದು ನನ್ನ ಮೊದಲ ಆಯ್ಕೆ. ವಾರ್ಡಿನಲ್ಲಿ ಬೇಡ. ಒಪಿಡಿ ಮುಗಿದ ಮೇಲೆ, ಡ್ಯೂಟಿ ಡಾಕ್ಟರನ್ನೂ ಕರೆದುಕೊಂಡು ಹೋಗಿ. ಅವರೇ ಸರ್ ಹತ್ತಿರ ಮಾತಾಡಿ 15 ಎಂದು ಖಚಿತ ಮಾಡಿಕೊಂಡವರು. ‘ನೀವು ಬೈದಿರಿ’ ಎಂದು ಶುರು ಮಾಡಿದರೆ ಮಾತು ಅಲ್ಲೇ ಮುರಿಯುತ್ತದೆ. ‘ಸರ್, ಆವತ್ತು ನೀವು ಹೇಳಿದ 15 ಅವಳಿಗೆ 50 ಅಂತ ಕೇಳಿಸಿತ್ತು. ಅವಳು ಕೇಳದೇ ಹೋಗಿದ್ರೆ ನಿಮ್ಮ ಹೆಸರಲ್ಲೇ 50 ಹೋಗ್ತಿತ್ತು’ ಎಂದು ಹೇಳಿ, ಸುಮ್ಮನಾಗಿ. ಆ ‘50’ ಎಂಬ ಅಂಕಿ ಅವರಿಗೆ ಇಲ್ಲಿಯವರೆಗೆ ಯಾರೂ ಹೇಳದೇ ಇರುವ ಸಾಧ್ಯತೆ ಇದೆ. ತನಗೆ ಎರಡೆರಡು ಸಲ ತೊಂದರೆ ಕೊಟ್ಟರು ಎಂದಷ್ಟೇ ಅವರು ತಿಳಿದಿರಬಹುದು. ಆಮೇಲೆ ಎರಡು ಕೋರಿಕೆ ಇಡಿ: ವಾಪಸ್ ಓದುವುದನ್ನು ಪೂರ್ತಿ ಕೇಳಿ ‘ಸರಿ’ ಅನ್ನಬೇಕು. ಸ್ಟಾಫ್ ತಪ್ಪು ಇದ್ದರೆ ಪೇಷೆಂಟ್ ಕಡೆಯವರ ಮುಂದೆ ಬೇಡ, ನರ್ಸಿಂಗ್ ಸ್ಟೇಷನ್‌ಗೆ ಕರೆದು ಹೇಳಬೇಕು. ಎಲ್ಲರ ಮುಂದೆ ಬೈಸಿಕೊಂಡ ನರ್ಸ್ ಕೊಡುವ ಮಾತ್ರೆಯನ್ನು ಆ ಮನೆಯವರು ಆಮೇಲೆ ಅನುಮಾನದಿಂದಲೇ ನೋಡುತ್ತಾರೆ. ಇದು ಡಾಕ್ಟರುಗಳಿಗೂ ಬೇಗ ಅರ್ಥವಾಗುತ್ತದೆ. ಅಪಾಯ ಏನೆಂದರೆ, ಕೆಲವರು ಇದನ್ನು ದೂರು ಎಂದೇ ತೆಗೆದುಕೊಂಡು ಕೆಲವು ದಿನ ಬಿಗಿಯಾಗಿರುತ್ತಾರೆ. ಅಷ್ಟನ್ನು ನೀವು ತಡೆದುಕೊಳ್ಳಬೇಕು, ಹುಡುಗಿಯ ಮೇಲೆ ಬೀಳಲು ಬಿಡಬಾರದು.

ಎರಡನೇ ದಾರಿ ಬರವಣಿಗೆ. ನಿಯರ್ ಮಿಸ್ ರಿಪೋರ್ಟ್ ಹೇಗೂ ಬರೆಯಿರಿ. ಸಮಯ, ಯಾವ ಔಷಧ, ಏನು ಹೇಳಿದ್ದು, ಏನು ಕೇಳಿಸಿದ್ದು, ಹೇಗೆ ತಡೆದದ್ದು, ಮುಂದೆ ಏನು ನಿಯಮ ಬೇಕು, ಇಷ್ಟೇ. ಹೆಸರು, ಸ್ವಭಾವ, ‘ಕೋಪದಿಂದ’ ಎಂಬ ಮಾತು ಬೇಡ. ಕೇಸ್ ಶೀಟ್‌ನಲ್ಲಂತೂ ಪೇಷೆಂಟ್‌ಗೆ ಕೊಟ್ಟದ್ದು, ಆದದ್ದು ಮಾತ್ರ ಇರಲಿ, ಜಗಳದ ವಿಷಯ ಒಂದಕ್ಷರವೂ ಬೇಡ. ನಿಮ್ಮಂಥ ಊರಿನ ಆಸ್ಪತ್ರೆಗಳಲ್ಲಿ ಮಾಲೀಕರು, ಮ್ಯಾನೇಜ್‌ಮೆಂಟ್, ದೊಡ್ಡ ಡಾಕ್ಟರ್ ಎಲ್ಲ ನೆಂಟರೋ ಸ್ನೇಹಿತರೋ ಆಗಿರುತ್ತಾರೆ. ವ್ಯಕ್ತಿಯ ಮೇಲಿನ ದೂರು ಅಲ್ಲಿ ಕರಗಿ ಹೋಗುತ್ತದೆ. ನಿಯಮ ಕೇಳುವ ಕಾಗದಕ್ಕೆ ‘ಇಲ್ಲ’ ಅನ್ನುವುದು ಅವರಿಗೂ ಕಷ್ಟ.

ಮೂರನೆಯದು ಅಧಿಕೃತ ದೂರು. ರೇಗಾಟ ಒಂದು, ಅವಮಾನ ಮಾಡುವುದು ಇನ್ನೊಂದು. ಜಾತಿ ಎತ್ತಿ ಮಾತಾಡಿದರೆ, ಕೈ ಎತ್ತಿದರೆ, ಅಸಭ್ಯವಾಗಿ ಮಾತಾಡಿದರೆ ಮೇಲೆ ಹೇಳಿದ ಮೆತ್ತಗಿನ ದಾರಿ ಯಾವುದೂ ಬೇಡ, ನೇರವಾಗಿ ದೂರು ಕೊಡಿ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಪ್ರಕಾರ 10 ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, 3 ತಿಂಗಳೊಳಗೆ ದೂರು ಕೊಡಬೇಕು. ಮಾಲೀಕರ ಮೇಲೆಯೇ ದೂರು ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ನೀವು ಬರೆದದ್ದರಲ್ಲಿ ಅಂಥದ್ದು ಕಾಣಿಸಲಿಲ್ಲ. ಆದರೂ ಹುಡುಗಿಯನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿ. ಪತ್ರದಲ್ಲಿ ಬಾರದ ವಿಷಯ ಇರಬಹುದು.

ಸುಮ್ಮನಿದ್ದುಬಿಡುವುದೂ ಒಂದು ದಾರಿ, ತುಂಬಾ ಜನ ಹಿಡಿಯುವುದು ಅದನ್ನೇ. ಅದರ ಬೆಲೆ ಮುಂದಿನ ಸಲ ಗೊತ್ತಾಗುತ್ತದೆ. ಈ ಹುಡುಗಿ ಹೋಗುತ್ತಾಳೆ, ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಬಂದ ವಾರದಲ್ಲೇ ಉಳಿದವರು ಅವಳಿಗೆ ‘ಆ ಸರ್‌ಗೆ ಎರಡನೇ ಸಲ ಫೋನ್ ಮಾಡ್ಬೇಡ’ ಎಂದು ಹೇಳಿಕೊಟ್ಟಿರುತ್ತಾರೆ.

ನೀವೇ ಮಾಡಬಹುದಾದ ಒಂದು ಕೆಲಸ ಉಳಿಯಿತು. ನಿಮ್ಮ ಬೆಳಗಿನ ಹ್ಯಾಂಡ್‌ಓವರ್ ಹೇಗಿದೆ ನೋಡಿ. ರಾತ್ರಿ ಸ್ಟಾಫ್ ವರದಿ ಕೊಡುವಾಗ ಅದು ಯಾಕೆ ಆಗಿಲ್ಲ, ಇದು ಯಾಕೆ ಆಗಿಲ್ಲ ಎಂಬ ವಿಚಾರಣೆ ನಡೆಯುತ್ತಿದ್ದರೆ ಅವರು ಕೆಟ್ಟ ಸುದ್ದಿಯನ್ನು ಬಿಟ್ಟು ಓದಲು ಕಲಿಯುತ್ತಾರೆ. ಬೆಡ್ ಪಕ್ಕದಲ್ಲೇ ನಿಂತು ಹ್ಯಾಂಡ್‌ಓವರ್ ಮಾಡಿ, ಡ್ರಿಪ್, ಗಾಯ, ಚಾರ್ಟ್ ಕಣ್ಣಾರೆ ನೋಡಿ. ಆಯಾಗಳನ್ನೂ ಒಂದು ಮಾತು ಕೇಳಿ. ಬೆಡ್ 7ರವರು ರಾತ್ರಿ ಊಟದ ತಟ್ಟೆ ಹಾಗೇ ವಾಪಸ್ ಕೊಟ್ಟರು ಎನ್ನುವುದು ಚಾರ್ಟಿನಲ್ಲಿ ಇರುವುದಿಲ್ಲ, ತಟ್ಟೆ ಎತ್ತಿದ ಆಯಾಗೆ ಗೊತ್ತಿರುತ್ತದೆ. ಇನ್ಸುಲಿನ್ ಕೊಡುವ ಪೇಷೆಂಟ್‌ಗೆ ಅದಕ್ಕಿಂತ ದೊಡ್ಡ ಸುದ್ದಿ ಯಾವುದು?

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ, ಕೈ ಬಿಟ್ಟುಹೋಗುತ್ತದೆ. ಮೊದಲು ಇನ್ಸುಲಿನ್ ಒಂದಕ್ಕೇ ವಾಪಸ್ ಓದುವ ನಿಯಮ ತನ್ನಿ. ಫೋನ್ ಪಕ್ಕದಲ್ಲಿ ಒಂದು ಆರ್ಡರ್ ಪುಸ್ತಕ ಇಡಿ: ಸಮಯ, ಬೆಡ್, ಹೇಳಿದ್ದು, ವಾಪಸ್ ಓದಿದ್ದಕ್ಕೆ ಒಂದು ಟಿಕ್, ಡಾಕ್ಟರ್ ಸೈನ್. ಹದಿನೈದು ದಿನಕ್ಕೊಮ್ಮೆ ತೆರೆದು ನೋಡಿ, ಟಿಕ್ ಇಲ್ಲದ ಸಾಲು ಯಾರ ಡ್ಯೂಟಿಯಲ್ಲಿ, ಯಾವ ಡಾಕ್ಟರ್ ಕರೆಗೆ ಜಾಸ್ತಿ ಇದೆ ಎಂದು ಗೊತ್ತಾಗುತ್ತದೆ. ಆ ಪುಸ್ತಕವನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಆ ಹುಡುಗಿಗೇ ಕೊಡಿ. ಇಷ್ಟಾದ ಮೇಲೂ ಅವಳು ಹೋಗುತ್ತೇನೆ ಎಂದರೆ ತಡೆಯಬೇಡಿ, ಒಳ್ಳೆಯ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಬರೆಸಿಕೊಡಿ.